ಹತ್ತಿರ ಕುಳಿತವರ ಮುಖ

ರಂಗಭೂಮಿಯಲ್ಲಿ ‘ಹತ್ತಿರ’ ಎಂಬ ಮಾತಿಗೆ ಈಗ ಒಳ್ಳೆಯ ಬೆಲೆ ಬಂದಿದೆ. ಬೆಲೆ ಎಂಬುದನ್ನು ನಾವು ಎರಡೂ ಅರ್ಥದಲ್ಲಿ ಹೇಳುತ್ತಿದ್ದೇವೆ. ಬೆಂಗಳೂರಿನಂಥ ನಗರಗಳಲ್ಲಿ ಮನೆಯ ಹಜಾರದಲ್ಲಿ, ತಾರಸಿಯ ಮೇಲೆ, ಕಾಫಿ ಅಂಗಡಿಯ ಮೂಲೆಯಲ್ಲಿ ಇಪ್ಪತ್ತು ಮೂವತ್ತು ಜನರಿಗಾಗಿ ನಾಟಕಗಳು ನಡೆಯುತ್ತವೆ. ನಟ ನಿಮ್ಮ ಮೊಣಕಾಲಿಗೆ ತಾಗುವಷ್ಟು ಸಮೀಪದಲ್ಲಿ ನಿಂತು ಮಾತಾಡುತ್ತಾನೆ. ಇದನ್ನು ಮಾರುವವರು ನಾಟಕ ಎಂದು ಹೇಳುವುದು ಕಡಿಮೆ, ‘ಅನುಭವ’ ಎನ್ನುವುದೇ ಹೆಚ್ಚು. ದೊಡ್ಡ ಸಭಾಂಗಣದ ಹದಿನೆಂಟನೇ ಸಾಲಿನಲ್ಲಿ ಕುಳಿತು ಆಕಳಿಸಿದ ಪ್ರೇಕ್ಷಕನಿಗೆ ಇದು ಹೊಸ ಜೀವ ಕೊಟ್ಟರೆ ಆಶ್ಚರ್ಯವಿಲ್ಲ. ಆದರೆ ಹತ್ತಿರ ಬಂದ ಮಾತ್ರಕ್ಕೆ ಆಪ್ತತೆ ಹುಟ್ಟುತ್ತದೆಯೇ? ಬಸ್ಸಿನಲ್ಲಿ ಒತ್ತಿಕೊಂಡು ನಿಂತವರೆಲ್ಲ ಆಪ್ತರಾಗಿದ್ದರೆ ನಮ್ಮ ಊರುಗಳಲ್ಲಿ ಜಗಳವೇ ಇರುತ್ತಿರಲಿಲ್ಲ.

ಈ ಬಗೆಯ ಪ್ರಯೋಗಗಳಲ್ಲಿ ಜಗತ್ತಿನಾದ್ಯಂತ ಹೆಸರಾದದ್ದು ಬ್ರಿಟನ್ನಿನ ಪಂಚ್‌ಡ್ರಂಕ್ ತಂಡದ ‘ಸ್ಲೀಪ್ ನೋ ಮೋರ್’. 2000ದಲ್ಲಿ ಫೆಲಿಕ್ಸ್ ಬ್ಯಾರೆಟ್ ಕಟ್ಟಿದ ಈ ತಂಡ ಅದನ್ನು ಮೊದಲು ಆಡಿದ್ದು 2003ರಲ್ಲಿ ಲಂಡನ್ನಿನಲ್ಲಿ. ನ್ಯೂಯಾರ್ಕಿನಲ್ಲಿ ಅದು 2011ರಲ್ಲಿ ಆರಂಭವಾಗಿ 2025ರ ಜನವರಿಯವರೆಗೆ ನಡೆಯಿತು. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಕತೆಯನ್ನು ಬಹುಮಟ್ಟಿಗೆ ಮಾತಿಲ್ಲದೆ, ನೃತ್ಯ ಮತ್ತು ಅಂಗಚಲನೆಯಲ್ಲೇ ಹೇಳುವ ಪ್ರಯೋಗ ಇದು. ಹಳೆಯ ಗೋದಾಮುಗಳಿಗೆ ಒಂದು ಕಾಲ್ಪನಿಕ ಹೋಟೆಲಿನ ಹೆಸರು ಕೊಟ್ಟು, ಒಳಗೆ ಸುಮಾರು ನೂರು ಕೋಣೆಗಳನ್ನು ಸಜ್ಜುಗೊಳಿಸಿದ್ದರು. ಡ್ರಾಯರು ಎಳೆದರೆ ಕಾಗದಪತ್ರಗಳು, ಕಪಾಟು ತೆರೆದರೆ ಬಟ್ಟೆಗಳು. ಪ್ರೇಕ್ಷಕ ಯಾವ ಕೋಣೆಗೆ ಬೇಕಾದರೂ ಹೋಗಬಹುದು, ಯಾವ ನಟನನ್ನು ಬೇಕಾದರೂ ಮೆಟ್ಟಿಲು ಹತ್ತಿ ಇಳಿದು ಹಿಂಬಾಲಿಸಬಹುದು. ಷರತ್ತು ಎರಡೇ: ಮಾತಾಡಬಾರದು, ಮುಖಕ್ಕೆ ಹಾಕಿದ ಬಿಳಿ ಮುಖವಾಡವನ್ನು ತೆಗೆಯಬಾರದು.

ಇದರ ಕಲ್ಪನಾಶಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಕತೆಯನ್ನು ಕೋಣೆಗಳಲ್ಲಿ ಹಂಚಿಟ್ಟು, ಹುಡುಕುವ ಶ್ರಮವನ್ನು ನೋಡುಗನಿಗೆ ಬಿಡುವುದು ದೊಡ್ಡ ಉಪಾಯವೇ ಸರಿ. ಒಂದು ರಾತ್ರಿಗೆ ನೂರಾರು ಜನ ಒಳಗಿದ್ದರೂ ಪ್ರತಿಯೊಬ್ಬನಿಗೂ ತಾನೊಬ್ಬನೇ ಇದ್ದೇನೆ ಎಂಬ ಭಾವನೆ ಬರುತ್ತದೆ. ತೊಡಕು ಇರುವುದೂ ಅಲ್ಲಿಯೇ. ಆ ಏಕಾಂತ ಮುಖವಾಡದಿಂದ ಹುಟ್ಟಿದ್ದು. ನಿಮ್ಮ ಪಕ್ಕದಲ್ಲಿ ನಿಂತವನು ಅತ್ತನೋ ನಕ್ಕನೋ ನಿಮಗೆ ಕಾಣುವುದಿಲ್ಲ, ನಿಮ್ಮದು ಅವನಿಗೆ ಕಾಣುವುದಿಲ್ಲ. ನಟನ ಮುಖ ಮಾತ್ರ ಎಲ್ಲರಿಗೂ ಬಯಲು. ಕೆಲವೊಮ್ಮೆ ನಟನೊಬ್ಬ ಗುಂಪಿನಿಂದ ಒಬ್ಬರನ್ನೇ ಆರಿಸಿ ಕೋಣೆಯೊಳಗೆ ಕರೆದೊಯ್ದು ಬಾಗಿಲು ಹಾಕಿ, ಮುಖವಾಡ ತೆಗೆದು, ಕಿವಿಯಲ್ಲಿ ಏನೋ ಪಿಸುಗುಟ್ಟಿ ಕಳಿಸುವುದಿತ್ತು. ಅಭಿಮಾನಿಗಳು ಮತ್ತೆ ಮತ್ತೆ ಟಿಕೇಟು ಕೊಂಡದ್ದು ಆ ಆಯ್ಕೆಯ ಆಸೆಯಿಂದಲೂ ಹೌದು. ಟಿಕೇಟಿನ ದರ ನೂರು ಡಾಲರನ್ನು ಮೀರಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು.

2018ರಲ್ಲಿ ಅಮೆರಿಕದ ಪತ್ರಕರ್ತರು ಒಂದು ಸಂಗತಿಯನ್ನು ಹೊರಗೆಡಹಿದರು. ಈ ಪ್ರದರ್ಶನದ ನಟನಟಿಯರು ಮತ್ತು ಸಿಬ್ಬಂದಿಯ ಮೇಲೆ ಪ್ರೇಕ್ಷಕರು ಕೈಹಾಕಿದ, ಅಸಭ್ಯವಾಗಿ ಮುಟ್ಟಿದ ಹಲವು ಘಟನೆಗಳು ನಡೆದಿದ್ದವು. ಕತ್ತಲೆ, ಮುಖವಾಡ, ಮೈಹತ್ತಿರದ ನಟಿ, ಮೇಲೆ ಹಣ ಕೊಟ್ಟು ಬಂದಿದ್ದೇನೆಂಬ ಠೇಂಕಾರ. ಇವಿಷ್ಟನ್ನೂ ಒಟ್ಟುಗೂಡಿಸಿದ ಮೇಲೆ ಉಳಿದದ್ದನ್ನು ಪ್ರೇಕ್ಷಕನ ಒಳ್ಳೆಯತನಕ್ಕೆ ಬಿಟ್ಟುಕೊಡುವುದು ಜಾಣತನವಲ್ಲ. ‘ನಾಟಕ ನೋಡುವುದೇ ಸರಿಯಲ್ಲ, ಇನ್ನು ಇದರ ಚರ್ಚೆ ಏಕೆ’ ಎಂದು ನಮ್ಮ ಓದುಗರಲ್ಲಿ ಕೆಲವರು ಕೇಳಬಹುದು. ಆ ವಾದಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ. ನೋಟಕ್ಕೂ ಒಂದು ಅದಬ್ ಇದೆ ಎಂದು ಮನೆಯಲ್ಲಿ ಕಲಿತು ಬಂದವರು ಈ ಚರ್ಚೆಗೆ ಹೊರಗಿನವರಲ್ಲ ಎಂಬುದಷ್ಟೇ ನಮ್ಮ ಮಾತು. ನೋಡುವವನು ತನ್ನನ್ನು ಮರೆಮಾಡಿಕೊಂಡು ನೋಡುವುದಕ್ಕೂ, ತಾನೂ ಕಾಣಿಸಿಕೊಂಡು ನೋಡುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಇಣುಕುವುದು.

ಇನ್ನೊಂದು ಉದಾಹರಣೆ ಇದಕ್ಕಿಂತ ಕಹಿಯಾದದ್ದು. ಬೆಲ್ಜಿಯಂನ ಘೆಂಟ್ ನಗರದ ಒಂದು ತಂಡ 2009ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ‘ಇಂಟರ್ನಲ್’ ಎಂಬ ಪ್ರಯೋಗ ಮಾಡಿತು. ಒಂದು ಆಟಕ್ಕೆ ಪ್ರೇಕ್ಷಕರು ಐವರು, ನಟರೂ ಐವರು. ಒಬ್ಬೊಬ್ಬ ನಟ ಒಬ್ಬೊಬ್ಬ ಪ್ರೇಕ್ಷಕನ ಎದುರು ಮೇಜಿಗೆ ಕುಳಿತು, ಸಂಗಾತಿಯನ್ನು ಹುಡುಕುವವರ ಹಾಗೆ ನಯವಾಗಿ ಮಾತಿಗೆಳೆಯುತ್ತಾನೆ. ಮದುವೆ, ಒಂಟಿತನ, ಹಳೆಯ ಪ್ರೀತಿ, ಮನಸ್ಸಿನ ಹುಣ್ಣು ಎಲ್ಲವೂ ಹೊರಗೆ ಬರುತ್ತವೆ. ಅನಂತರ ಹತ್ತೂ ಜನ ವೃತ್ತಾಕಾರವಾಗಿ ಕುಳಿತಾಗ, ಗುಟ್ಟಾಗಿ ಕೇಳಿದ್ದನ್ನು ನಟರು ಎಲ್ಲರ ಮುಂದೆ ಹೇಳಿಬಿಡುತ್ತಾರೆ! ಕೆಲವರು ಇದನ್ನು ಅಸಾಧಾರಣ ಎಂದು ಹೊಗಳಿದರು, ಕೆಲವರು ಮೋಸಹೋದೆವೆಂದು ನೊಂದರು. ನಾವು ನೊಂದವರ ಪಕ್ಷ. ಅಪರಿಚಿತರ ಮುಂದೆ ನಾವು ಎಷ್ಟು ಬೇಗ ಬಿಚ್ಚಿಕೊಳ್ಳುತ್ತೇವೆ ಎಂದು ತೋರಿಸಿಕೊಡುವುದು ತಮ್ಮ ಉದ್ದೇಶ ಎಂದು ಕಲಾವಿದರು ಹೇಳಬಹುದು. ಆದರೆ ಮಜ್ಲಿಸಿನಲ್ಲಿ ಆಡಿದ ಮಾತು ಅಮಾನತ್ತು ಎಂಬ ತಿಳಿವಳಿಕೆ ನಮಗಿದೆ. ಇಟ್ಟುಕೊಳ್ಳಲು ಕೊಟ್ಟದ್ದನ್ನು ಹರಾಜಿಗೆ ಹಾಕಿ, ಇಟ್ಟವನ ಮೂರ್ಖತನವನ್ನು ತೋರಿಸಿದೆ ಎಂದರೆ ಅದು ಕಲೆಯ ಧೈರ್ಯ ಹೇಗಾದೀತು? ಧೈರ್ಯ ಮಾಡಿದವನು ಪ್ರೇಕ್ಷಕ, ಚಪ್ಪಾಳೆ ಹೋದದ್ದು ನಟನಿಗೆ.

ಇದೇ ಸಾಮೀಪ್ಯವನ್ನು ಬೇರೆ ಕಾರಣಕ್ಕಾಗಿ, ಬೇರೆ ರೀತಿಯಲ್ಲಿ ಹುಡುಕಿದವರು ನಮ್ಮ ದೇಶದಲ್ಲೇ ಇದ್ದರು. ಬಾದಲ್ ಸರ್ಕಾರ್ (1925–2011) ವೃತ್ತಿಯಿಂದ ಸಿವಿಲ್ ಎಂಜಿನಿಯರು, ನಗರ ಯೋಜಕರು. ‘ಏವಂ ಇಂದ್ರಜಿತ್’ ಬರೆದು ಭಾರತದಾದ್ಯಂತ ಹೆಸರಾದರು. ಅದನ್ನು ಇಂಗ್ಲಿಷಿಗೆ ತಂದವರು ನಮ್ಮ ಗಿರೀಶ ಕಾರ್ನಾಡರು. ಅಂಥ ನಾಟಕಕಾರ ಎಪ್ಪತ್ತರ ದಶಕದ ಆರಂಭದಲ್ಲಿ ತನಗೆ ಕೀರ್ತಿ ತಂದುಕೊಟ್ಟ ರಂಗಮಂಚಕ್ಕೇ ಬೆನ್ನು ಹಾಕಿದರು. ಕಾರಣ ಬಹಳ ಸರಳ. ಪರದೆಯುಳ್ಳ ರಂಗಮಂಚಕ್ಕೆ ಬಾಡಿಗೆ ಬೇಕು, ಬೆಳಕು ಬೇಕು, ಸೆಟ್ಟು ಬೇಕು. ಅದಕ್ಕೆಲ್ಲ ಹಣ ಬೇಕು, ಹಣಕ್ಕಾಗಿ ಟಿಕೇಟು ಮಾರಬೇಕು, ಟಿಕೇಟು ಕೊಳ್ಳಲಾಗದವನು ಹೊರಗುಳಿಯುತ್ತಾನೆ. ಇಷ್ಟೆಲ್ಲ ಖರ್ಚು ಮಾಡಿ ಸಿಗುವುದಾದರೂ ಏನು? ಬೆಳಕಿನಲ್ಲಿ ನಿಂತ ನಟನಿಗೆ ಕತ್ತಲಲ್ಲಿ ಕುಳಿತ ಪ್ರೇಕ್ಷಕ ಕಾಣುವುದಿಲ್ಲ.

1972ರಲ್ಲಿ ಅವರ ಶತಾಬ್ದಿ ತಂಡ ಕಲ್ಕತ್ತೆಯ ಅಕಾಡೆಮಿ ಆಫ್ ಫೈನ್ ಆರ್ಟ್ಸ್‌ನ ಕೋಣೆಯೊಂದರಲ್ಲಿ ‘ಅಂಗನ್ ಮಂಚ’ವನ್ನು ಆರಂಭಿಸಿತು. ಅಂಗಳದ ರಂಗ ಎಂದರೆ ನಮಗೂ ಅರ್ಥವಾಗುವ ಮಾತು. ರೋಮಿನ ಗುಲಾಮರ ಬಂಡಾಯದ ಕತೆಯಾದ ‘ಸ್ಪಾರ್ಟಕಸ್’ ಅಲ್ಲಿ ನಡೆಯಿತು. ವೇಷಭೂಷಣ ಇಲ್ಲ, ಸೆಟ್ಟು ಇಲ್ಲ. ಬೆಂಚುಗಳನ್ನು ಅಲ್ಲಲ್ಲಿ ಇಟ್ಟು, ಜನ ಕುಳಿತ ನಡುವೆಯೇ ನಟರು ಓಡಾಡಿದರು. ಗುಲಾಮನ ಬೆವರು ನಿಮ್ಮ ಮೈಗೆ ಸಿಡಿಯುವಷ್ಟು ದೂರ. ಬಾದಲ್ ಸರ್ಕಾರರು ರಂಗಭೂಮಿಯಲ್ಲಿ ನಾಲ್ಕು ಬಗೆಯ ಸಂಪರ್ಕಗಳನ್ನು ಗುರುತಿಸಿದರು: ನಟನಿಂದ ಪ್ರೇಕ್ಷಕನಿಗೆ, ಪ್ರೇಕ್ಷಕನಿಂದ ನಟನಿಗೆ, ನಟನಿಂದ ನಟನಿಗೆ, ಪ್ರೇಕ್ಷಕನಿಂದ ಪ್ರೇಕ್ಷಕನಿಗೆ. ನಮ್ಮ ಈ ಲೇಖನಕ್ಕೆಲ್ಲ ಆಧಾರ ಆ ನಾಲ್ಕನೆಯದು. ಕೋಣೆಯಲ್ಲಿ ಬೆಳಕಿರುವುದರಿಂದ ಎದುರು ಬೆಂಚಿನಲ್ಲಿ ಕುಳಿತ ಗುಮಾಸ್ತನಿಗೆ ಹಸಿವಿನ ಮಾತು ಕೇಳಿ ಏನಾಯಿತು ಎಂಬುದು ನಿಮಗೆ ಕಾಣುತ್ತದೆ. ನಿಮಗೇನೂ ಆಗಲಿಲ್ಲ ಎಂಬುದು ಅವನಿಗೂ ಕಾಣುತ್ತದೆ. ನ್ಯೂಯಾರ್ಕಿನ ಬಿಳಿ ಮುಖವಾಡ ಅಳಿಸಿಹಾಕಿದ್ದು ಇದನ್ನೇ.

1974ರ ‘ಮಿಛಿಲ್’ ಈ ವಿಚಾರವನ್ನು ಪೂರ್ತಿಯಾಗಿ ದುಡಿಸಿಕೊಂಡ ನಾಟಕ. ಮಿಛಿಲ್ ಎಂದರೆ ಮೆರವಣಿಗೆ. ಕುಳಿತುಕೊಳ್ಳುವ ವ್ಯವಸ್ಥೆಯನ್ನೇ ಅಂಕುಡೊಂಕಾದ ಬೀದಿಯಂತೆ ಮಾಡಿ, ಮೆರವಣಿಗೆಗಳು ಜನರ ನಡುವಿನಿಂದ ಹಾದುಹೋಗುವಂತೆ ರೂಪಿಸಿದರು. ಪ್ರತಿದಿನ ಸಾಯುವ ಒಬ್ಬ ಹುಡುಗ, ಅವನನ್ನು ಯಾರೂ ಗಮನಿಸದ ನಗರ. ಕೊನೆಯಲ್ಲಿ ನಿಜವಾದ ಮನುಷ್ಯರ ಮೆರವಣಿಗೆಯೊಂದು ಬರುತ್ತದೆ, ಪ್ರೇಕ್ಷಕರಿಗೂ ಎದ್ದು ಸೇರಿಕೊಳ್ಳಲು ಅವಕಾಶವಿರುತ್ತದೆ. ಸೇರಲೇಬೇಕೆಂದಿಲ್ಲ. ಕುಳಿತೇ ಇದ್ದವನನ್ನು ಯಾರೂ ಹಂಗಿಸುವುದಿಲ್ಲ, ಆದರೆ ಅವನು ಕುಳಿತಿದ್ದಾನೆ ಎಂಬುದು ಎಲ್ಲರಿಗೂ ಕಾಣುತ್ತದೆ. ಟಿಕೇಟಿನ ಬದಲು ಇಷ್ಟವಿದ್ದವರು ಕೊಟ್ಟಷ್ಟು ಕಾಸು. 1976ರಲ್ಲಿ ‘ಭೋಮಾ’ ನಾಟಕವನ್ನು ಸುಂದರಬನದ ಹಳ್ಳಿಗೆ, ಯಾರ ಬದುಕಿನಿಂದ ಅದು ಹುಟ್ಟಿತ್ತೋ ಅವರ ನಡುವಿಗೇ ಒಯ್ದರು.

ಬಾದಲ್ ಬಾಬುಗಳ ನಾಟಕಗಳಲ್ಲಿ ದೋಷಗಳಿಲ್ಲವೆಂದಲ್ಲ. ಎಷ್ಟೋ ಕಡೆ ಪಾತ್ರಗಳು ವ್ಯಕ್ತಿಗಳಾಗದೆ ಘೋಷಣೆಗಳಾಗುತ್ತವೆ. ನಟರ ಗುಂಪು ಮರವೂ ಆಗುತ್ತದೆ, ಯಂತ್ರವೂ ಆಗುತ್ತದೆ, ಹಸಿದ ಹೊಟ್ಟೆಯೂ ಆಗುತ್ತದೆ; ಒಬ್ಬ ತಾಯಿ ಮಾತ್ರ ಒಬ್ಬ ತಾಯಿಯಾಗಲು ಒದ್ದಾಡುತ್ತಾಳೆ. ‘ಏವಂ ಇಂದ್ರಜಿತ್’ನ ಸೂಕ್ಷ್ಮ ದುಃಖವನ್ನು ಬಲ್ಲವರಿಗೆ ಇದು ನಷ್ಟವೆನಿಸದೆ ಇರದು. ಕೋಣೆಯೊಳಗೆ ಬಂದವರಲ್ಲಿ ಹೆಚ್ಚಿನವರು ನಗರದ ಮಧ್ಯಮ ವರ್ಗದವರೇ. ಅದನ್ನು ಅರಿತೇ ಅವರು ಪಾರ್ಕಿಗೆ, ಹಳ್ಳಿಗೆ ಹೊರಟದ್ದು. ಕನ್ನಡದಲ್ಲಿ ಸಮುದಾಯ ತಂಡ 1977ರ ಬಿಹಾರದ ಹತ್ಯಾಕಾಂಡವನ್ನು ಕುರಿತು ಆಡಿದ ‘ಬೆಲ್ಚಿ’ ಬೀದಿ ನಾಟಕವೂ ಇದೇ ದಾರಿಯದು. ಈ ದಾರಿಯಲ್ಲಿ ಹತ್ತಿರವಾಗುವುದರ ಅಪಾಯ ಬೇರೆಯೇ ಇತ್ತು. 1989ರ ಜನವರಿ 1ರಂದು ದೆಹಲಿ ಹತ್ತಿರದ ಸಾಹಿಬಾಬಾದಿನಲ್ಲಿ ಬೀದಿ ನಾಟಕ ಆಡುತ್ತಿದ್ದಾಗಲೇ ಸಫ್ದರ್ ಹಾಶ್ಮಿಯವರ ಮೇಲೆ ಹಲ್ಲೆ ನಡೆದು, ಮರುದಿನ ಅವರು ತೀರಿಕೊಂಡರು. ಆಗ ಅವರಿಗೆ ಇನ್ನೂ 34 ವರ್ಷ.

ಇಷ್ಟು ದೂರ ಸುತ್ತಿ ಬಂದ ಮೇಲೆ ನಮ್ಮ ಕರಾವಳಿಯ ತಾಳಮದ್ದಳೆಯ ಮಾತೆತ್ತದಿದ್ದರೆ ತಪ್ಪಾಗುತ್ತದೆ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಹೊರಗೆ ಮಳೆ ಹೊಯ್ಯುವಾಗ, ಮನೆಯ ಚಾವಡಿಯಲ್ಲಿ ನಡೆಯುತ್ತಿದ್ದ ಕೂಟ ಇದು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಚೆಂಡೆ ಮದ್ದಳೆ ನಿಲ್ಲುತ್ತವೆ, ಎದುರುಬದುರು ಕುಳಿತ ಇಬ್ಬರು ಅರ್ಥಧಾರಿಗಳು ಬರೆದಿಡದ ಮಾತುಗಳಲ್ಲಿ ವಾದಕ್ಕಿಳಿಯುತ್ತಾರೆ. ವಾಲಿ ಕೇಳುವ ಪ್ರಶ್ನೆಗೆ ರಾಮನ ಬಳಿ ಉತ್ತರವಿದೆಯೇ ಎಂಬುದು ಅಂದಿನ ರಾತ್ರಿಯೇ ತೀರ್ಮಾನವಾಗಬೇಕು. ಮೊಳದೂರದಲ್ಲಿ ಕುಳಿತ ಕೇಳುಗನ ಹುಬ್ಬು ಏರಿದ್ದು ಅರ್ಥಧಾರಿಗೆ ಕಾಣುತ್ತದೆ, ಅದಕ್ಕೆ ತಕ್ಕಂತೆ ಮಾತು ತಿರುಗುತ್ತದೆ. ನಾಲ್ಕೂ ಸಂಪರ್ಕಗಳು ಇಲ್ಲಿ ಯಾವ ಸಿದ್ಧಾಂತದ ಹಂಗೂ ಇಲ್ಲದೆ ನಡೆದುಬಂದಿವೆ.

ಈ ಚಾವಡಿಗೆ ಯಾರು ಬರುತ್ತಿದ್ದರು, ಯಾರು ಬರುತ್ತಿರಲಿಲ್ಲ ಎಂಬ ಪ್ರಶ್ನೆಯನ್ನೂ ಬಿಡುವಂತಿಲ್ಲ. ಚಾವಡಿಯೆಂದರೆ ಜಾತಿಯ ಮೆಟ್ಟಿಲುಗಳಿದ್ದ ಜಾಗ. ಒಳಗೆ ಕುಳಿತವರು, ಜಗಲಿಯಲ್ಲಿ ಕುಳಿತವರು, ಅಂಗಳದಲ್ಲಿ ನಿಂತು ಕೇಳಿದವರು ಬೇರೆ ಬೇರೆ. ಮಳೆಗಾಲದಲ್ಲಿ ಮನೆಮನೆಗೆ ಬರುವ ಚಿಕ್ಕಮೇಳಕ್ಕೆ ದೀಪ, ಅಕ್ಕಿ, ತೆಂಗಿನಕಾಯಿಯ ಧಾರ್ಮಿಕ ಸ್ವರೂಪ ಇರುವುದರಿಂದ ಮುಸ್ಲಿಮರ ಮನೆಯಂಗಳಕ್ಕೆ ಅದು ಬರುವ ಪ್ರಸಂಗ ಅಪರೂಪ. ಆದರೂ ಸಂಬಂಧ ಇಲ್ಲವೆನ್ನಲಾಗದು. ಮೂಲ್ಕಿಯ ಬಪ್ಪನಾಡು ದೇವಸ್ಥಾನದ ಐತಿಹ್ಯದಲ್ಲಿರುವ ಬ್ಯಾರಿ ವರ್ತಕ ಬಪ್ಪನನ್ನು ಯಕ್ಷಗಾನ ಪಾತ್ರವಾಗಿಸಿತು. ಶೇಣಿ ಗೋಪಾಲಕೃಷ್ಣ ಭಟ್ಟರು ಆ ಪಾತ್ರಕ್ಕೆ ಹೆಸರಾದರು. ತಾಳಮದ್ದಳೆಯಲ್ಲಿ ಸಂಪಾಜೆಯ ಜಬ್ಬಾರ್ ಸಮೋ ಅವರು ಪ್ರಸಿದ್ಧ ಅರ್ಥಧಾರಿ. ಮುಸ್ಲಿಮನೊಬ್ಬ ಪುರಾಣಪಾತ್ರದ ಅರ್ಥ ಹೇಳುವುದನ್ನು ಸೌಹಾರ್ದದ ಫಲಕವಾಗಿ ತೂಗುಹಾಕುವ ಚಾಳಿ ಪತ್ರಿಕೆಗಳಿಗಿದೆ. ಅವರ ವಾದ ಗಟ್ಟಿಯೇ, ಭಾಷೆ ಸೊಗಸೇ ಎಂದು ವಿಮರ್ಶಿಸುವುದು ನಿಜವಾದ ಮರ್ಯಾದೆ. ಎದುರಿನ ಅರ್ಥಧಾರಿ ಆ ಮರ್ಯಾದೆಯನ್ನು ಕೊಡುತ್ತಾನೆ. ಏಕೆಂದರೆ ಸೋಲಿಸಬೇಕಾದರೆ ಅವನು ಮೊದಲು ಕಿವಿಗೊಟ್ಟು ಕೇಳಲೇಬೇಕು.

ತಾಳಮದ್ದಳೆಯೂ ಈಗ ಚಾವಡಿಯಿಂದ ಸಭಾಭವನಕ್ಕೆ, ಧ್ವನಿವರ್ಧಕಕ್ಕೆ, ಮೊಬೈಲಿನ ಪರದೆಗೆ ಬಂದಿದೆ. ಕೇಳುಗರ ಸಂಖ್ಯೆ ಇದರಿಂದ ಹೆಚ್ಚಿದೆ, ಚಾವಡಿಯ ಮೆಟ್ಟಿಲುಗಳು ಸ್ವಲ್ಪ ಸವೆದಿವೆ. ಇದು ಒಳ್ಳೆಯದೇ. ಆದರೆ ಮುನ್ನೂರು ಕುರ್ಚಿಗಳ ಆಚೆ ಕುಳಿತವನ ಹುಬ್ಬು ಯಾರಿಗೂ ಕಾಣದು, ಮಾತೂ ಚಪ್ಪಾಳೆಯ ಕಡೆಗೆ ವಾಲುತ್ತದೆ.

ನಮ್ಮ ಸಮಾಜದೊಳಗೂ ಇಂಥ ಕೂಟಗಳಿದ್ದವು, ಇವೆ. ಉತ್ತರ ಕರ್ನಾಟಕದ ಮೊಹರಮ್ಮಿನ ರಿವಾಯತ್ ಪದಗಳನ್ನು ಹಿಂದೂ ಮುಸ್ಲಿಮರಿಬ್ಬರೂ ಒಂದೇ ಗುಂಪಿನಲ್ಲಿ ನಿಂತು ಹಾಡುತ್ತಾರೆ. ಬ್ಯಾರಿ ಮನೆಗಳ ಒಪ್ಪನೆ ಹಾಡು ಮದುಮಗಳ ಸುತ್ತ ಹೆಂಗಸರು ಕುಳಿತು ಕೈತಟ್ಟಿ ಹೇಳುವಂಥದು. ಅಲ್ಲಿ ಹಾಡುವವರು ಬೇರೆ ಕೇಳುವವರು ಬೇರೆ ಎಂದಿಲ್ಲ. ತಮಾಷೆಗೆ ಗುರಿಯಾದ ಮದುಮಗಳ ನಾಚಿಕೆಯನ್ನು ಕಾಯುವ ಜವಾಬ್ದಾರಿಯೂ ಅದೇ ಹೆಂಗಸರದು. ಹೊರಗಿನ ಗಂಡಸರ ಕಣ್ಣಿಗೆ ಬೀಳದ ಈ ಕಲೆಯ ಬಗ್ಗೆ ವಿಮರ್ಶೆ ಬರೆದವರು ಕಡಿಮೆ, ಬರೆಯಬೇಕಾದವರು ಅದರೊಳಗೆ ಕುಳಿತ ಹೆಂಗಸರೇ. ಈಗ ಎಷ್ಟೋ ಮದುವೆ ಹಾಲುಗಳಲ್ಲಿ ಹಾಡು ಸ್ಪೀಕರಿನಿಂದ ಬರುತ್ತದೆ. ಮದುಮಗಳನ್ನು ವೇದಿಕೆಯ ಮೇಲಿನ ಸೋಫಾದಲ್ಲಿ ಕೂರಿಸಿರುತ್ತಾರೆ, ಕೆಳಗೆ ಸಾಲುಸಾಲು ಕುರ್ಚಿಗಳಲ್ಲಿ ಹೆಂಗಸರು ವೇದಿಕೆಯ ಕಡೆಗೆ ಮುಖಮಾಡಿ ಕುಳಿತಿರುತ್ತಾರೆ.