ಹತ್ತು ಸಾವಿರ ಪಟ್ಟಿನ ಹಣ್ಣು

ಮುಂಬಯಿ ಬಳಿಯ ಐರೋಲಿ ಸ್ಟೇಷನ್ನಿನ ಹೊರಗೆ ಹಣ್ಣಿನ ಗಾಡಿಯವನು ಲಕ್ಷ್ಮಣಫಲವನ್ನು ಬೇರೆ ಹಣ್ಣುಗಳ ಜತೆ ಇಡುವುದಿಲ್ಲ. ಬುಟ್ಟಿಯೂ ಬೇರೆ, ದರವೂ ಬೇರೆ. ಕೇಳಿದರೆ, "ಕ್ಯಾನ್ಸರ್‌ವಾಲೆ ಲೇ ಜಾತೇ ಹೈಂ" ಎನ್ನುತ್ತಾನೆ. ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಆಗಾಗ ತಿರುಗಿ ಬರುವ ಸಂದೇಶದ್ದೂ ಇದೇ ರಾಗ: ಈ ಹಣ್ಣು ಕಿಮೊಥೆರಪಿಗಿಂತ 10,000 ಪಟ್ಟು ಬಲಶಾಲಿ.

ಆ ಸಂಖ್ಯೆ ಕಟ್ಟುಕತೆಯಲ್ಲ ಎಂಬುದೇ ತಮಾಷೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರ 1996ರ ಪ್ರಬಂಧದಲ್ಲಿ ಅದು ನಿಜಕ್ಕೂ ಇದೆ. ಆದರೆ ಅವರು ಕೈಗೆತ್ತಿಕೊಂಡದ್ದು ತಿರುಳನ್ನಲ್ಲ, ನಾವು ಉಗಿಯುವ ಬೀಜವನ್ನು. ಆ ಬೀಜದಿಂದ ಬೇರ್ಪಡಿಸಿದ ಒಂದು ಅಣುವನ್ನು ಗಾಜಿನಲ್ಲಿ ಬೆಳೆಸಿದ ಕರುಳಿನ ಕ್ಯಾನ್ಸರ್ ಕೋಶದ ಒಂದು ತಳಿಯ ಮೇಲೆ ಹಾಕಿ, ಅಡ್ರಿಯಾಮೈಸಿನ್ ಎಂಬ ಒಂದು ಮದ್ದಿಗೆ ಹೋಲಿಸಿದರು. ಬಾಯಿಂದ ಬಾಯಿಗೆ ದಾಟುತ್ತ ಬೀಜ ಹಣ್ಣಾಯಿತು, ಗಾಜು ದೇಹವಾಯಿತು, ಒಂದು ಮದ್ದು ಇಡೀ ಕಿಮೊ ಆಯಿತು.

ವಾಟ್ಸಾಪನ್ನು ಬೈದು ಸುಮ್ಮನಾಗಬಹುದು. ನನ್ನ ತಕರಾರು ಪ್ರಬಂಧ ಬರೆಯುವವರ ಮೇಲೂ ಇದೆ.

ಐರೋಲಿಯಲ್ಲಿ ಪನ್ವೇಲ್ ಲೋಕಲ್ ಹತ್ತಿದರೆ ಅದೇ ಗಾಡಿ ಖಾರ್‌ಘರ್ ಮುಟ್ಟಿಸುತ್ತದೆ. ಟಾಟಾ ಮೆಮೋರಿಯಲ್ ಸೆಂಟರಿನ ಸಂಶೋಧನಾ ಕೇಂದ್ರ ಆಕ್ಟ್ರೆಕ್ ಇರುವುದು ಅಲ್ಲಿ. ದೇಶದ ಕಾಲೇಜುಗಳಿಂದ ಎಲೆ, ತೊಗಟೆ, ಹಣ್ಣುಗಳ ಸಾರ ಅಲ್ಲಿಗೆ ತಪಾಸಣೆಗೆ ಬರುತ್ತದೆ. ಕೆಲಸ ನೋಡಲು ಸರಳ. 96 ಗುಳಿಗಳ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಬಿತ್ತಿ, 37 ಡಿಗ್ರಿ ಶಾಖದಲ್ಲಿ ಒಂದು ದಿನ ಬೇರೂರಲು ಬಿಟ್ಟು, ಬೇರೆ ಬೇರೆ ಪ್ರಮಾಣದಲ್ಲಿ ಸಾರ ಹಾಕುತ್ತಾರೆ. 48 ಗಂಟೆಯ ಬಳಿಕ ಸಲ್ಫೊರೊಡಮೈನ್ ಬಿ ಎಂಬ ಗುಲಾಬಿ ಬಣ್ಣ. ಉಳಿದ ಕೋಶಗಳ ಪ್ರೋಟೀನಿಗೆ ಅದು ಅಂಟಿಕೊಳ್ಳುತ್ತದೆ. ಬಣ್ಣ ತೆಳುವಾದಷ್ಟೂ ಕೋಶ ಕಡಿಮೆ. ಬೆಳವಣಿಗೆಯನ್ನು ಅರ್ಧಕ್ಕಿಳಿಸಲು ಮಿಲಿಲೀಟರಿಗೆ 20 ಮೈಕ್ರೊಗ್ರಾಂ ಸಾರ ಸಾಕಾದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಶುದ್ಧ ಅಣುವಾದರೆ 10.

ಈ ಗೆರೆ ನನಗೆ ಇಷ್ಟ. 'ಇಲ್ಲ' ಎನ್ನಲು ಬಲ್ಲ ಪರೀಕ್ಷೆ ಇದು. ಎಷ್ಟೋ ಪ್ರಬಂಧಗಳಲ್ಲಿ ಇದರ ಹತ್ತಾರು ಪಟ್ಟು ಸಾರ ಸುರಿದು, ಕೋಶ ಸತ್ತಿತೆಂದು ಹಿಗ್ಗುವುದನ್ನು ಕಾಣುತ್ತೇವೆ. ಉಪ್ಪು ಹೆಚ್ಚಾದರೂ ಸಾಯುವ ಜೀವ ಅದು, ಹುಳಿ ಹೆಚ್ಚಾದರೂ ಸಾಯುತ್ತದೆ! ಪಕ್ಕದಲ್ಲಿ ಆರೋಗ್ಯವಂತ ಕೋಶವನ್ನಿಟ್ಟು ಅದರ ಗತಿ ಏನಾಯಿತೆಂದು ನೋಡುವವರು ಕಡಿಮೆ. ಎಂಟಿಟಿ ಎಂಬ ಜನಪ್ರಿಯ ಪರೀಕ್ಷೆಗೆ ಇನ್ನೊಂದು ತೊಡಕಿದೆ. ಜೀವಂತ ಕೋಶ ಹಳದಿಯನ್ನು ನೇರಳೆ ಮಾಡಬೇಕು. ಆಂಟಿಆಕ್ಸಿಡೆಂಟ್ ತುಂಬಿದ ಹಣ್ಣಿನ ಸಾರ ಕೋಶವೇ ಇಲ್ಲದ ಗುಳಿಯಲ್ಲೂ ಆ ಕೆಲಸ ಮಾಡಿಬಿಡಬಹುದು. ಇಷ್ಟೆಲ್ಲ ಇದ್ದೂ ಪ್ರಬಂಧದ ಕೊನೆಯ ವಾಕ್ಯ ಮಾತ್ರ 'ಕ್ಯಾನ್ಸರ್ ಚಿಕಿತ್ಸೆಗೆ ಆಶಾದಾಯಕ'. ನಮ್ಮ ಗುಂಪಿನ ಸಂದೇಶ ಹುಟ್ಟುವುದು ಆ ವಾಕ್ಯದಲ್ಲಿ.

ಹಾಗೆಂದು ಹಣ್ಣನ್ನು ಪ್ರಯೋಗಾಲಯಕ್ಕೆ ಒಯ್ಯುವುದೇ ತಪ್ಪೆ? ನಾವು ಪುನರ್ಪುಳಿ ಎನ್ನುವುದನ್ನು ಶಿರಸಿಯವರು ಮುರುಗಲು ಎನ್ನುತ್ತಾರೆ, ಇಲ್ಲಿಯವರು ಕೋಕಮ್. ಅದರ ಸಿಪ್ಪೆಯಲ್ಲಿ ಗಾರ್ಸಿನಾಲ್ ಇದೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ತಾಪಸ್ ಕುಂಡು ಅವರ ತಂಡ 2004ರಲ್ಲಿ ಇದನ್ನು ಪರೀಕ್ಷಿಸಿ, ಜೀನ್‌ಗಳ ಕೆಲಸಕ್ಕೆ ದಾರಿ ಬಿಡಿಸುವ ಪಿ300 ಎಂಬ ಕಿಣ್ವವನ್ನು ಅದು ಸುಮಾರು 7 ಮೈಕ್ರೊಮೋಲಾರ್ ಪ್ರಮಾಣದಲ್ಲಿ ಅರ್ಧಕ್ಕೆ ತಡೆಯುತ್ತದೆಂದು ತೋರಿಸಿತು. ಹೀಲಾ ಎಂಬ ಕ್ಯಾನ್ಸರ್ ಕೋಶಗಳು ಸತ್ತದ್ದನ್ನೂ ದಾಖಲಿಸಿತು. ಯಾವ ಅಣು, ಯಾವ ಕಿಣ್ವ, ಎಷ್ಟು ಎಂಬ ಮೂರಕ್ಕೂ ಉತ್ತರವಿದೆ. ಶೀರ್ಷಿಕೆಯಲ್ಲಿ ಕ್ಯಾನ್ಸರ್ ಎಂಬ ಪದವೇ ಇಲ್ಲ. ಇಂಥ ಸಂಯಮವನ್ನು ನಾನು ಮೆಚ್ಚುತ್ತೇನೆ.

ಅಣುವಿನಿಂದ ಮದ್ದಿನವರೆಗಿನ ದಾರಿ ಎಷ್ಟು ಉದ್ದ ಎಂಬುದಕ್ಕೆ ಮುಂಬಯಿಯದೇ ಕತೆಯೊಂದಿದೆ, ಹಣ್ಣಿನದಲ್ಲ, ಮರದ್ದು. ಕ್ಯಾಂಪ್ಟೊಥೆಸಿನ್ ಎಂಬ ಅಣುವನ್ನು 1966ರಲ್ಲಿ ಚೀನಾದ ಮರವೊಂದರಲ್ಲಿ ಗುರುತಿಸಿದರು. ಗೋರೆಗಾಂವ್‌ನ ಸೀಬಾ ಸಂಶೋಧನಾ ಕೇಂದ್ರದಲ್ಲಿ ಗೋವಿಂದಾಚಾರಿ, ವಿಶ್ವನಾಥನ್ ಅವರು 1972ರಲ್ಲಿ ಅದನ್ನೇ ನಮ್ಮ ಘಟ್ಟದ ದುರ್ವಾಸನೆ ಮರದಲ್ಲಿ ಕಂಡರು. ಮೂಲ ಅಣುವಿನ ನಂಜು ರೋಗಿಗಳಿಗೆ ತಡೆಯಲಾಗಲಿಲ್ಲ. ಅದನ್ನು ತಿದ್ದಿ ಮಾಡಿದ ಟೊಪೊಟೆಕಾನ್, ಇರಿನೊಟೆಕಾನ್ ಮದ್ದುಗಳಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1996ರಲ್ಲಿ, ಮೂವತ್ತು ವರ್ಷದ ಮೇಲೆ. ಸೋಜಿಗವೆಂದರೆ ಲಕ್ಷ್ಮಣಫಲದ ಪ್ರಬಂಧದ್ದೂ ಅದೇ ವರ್ಷ.

'ತಿಂದರೆ ನಷ್ಟವೇನು, ಹಣ್ಣು ತಾನೇ' ಎನ್ನುವವರು ಗ್ವಾಡಲೂಪ್ ದ್ವೀಪದ ಸುದ್ದಿ ಕೇಳಬೇಕು. ಲಕ್ಷ್ಮಣಫಲವನ್ನೂ ಅದರ ಎಲೆಯ ಕಷಾಯವನ್ನೂ ಬಹುಕಾಲ ಬಳಸಿದವರಲ್ಲಿ ಪಾರ್ಕಿನ್ಸನ್ ಹೋಲುವ ನರರೋಗ ಹೆಚ್ಚಾಗಿ ಕಂಡಿದೆಯೆಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ಅದೊಂದು ನಂಟು, ರುಜುವಾತಲ್ಲ. ಆದರೂ ಚಿಕಿತ್ಸೆ ಬಿಟ್ಟು ಕಷಾಯ ಹಿಡಿಯುವವರಿಗೆ ಅಷ್ಟು ಅಳುಕು ಸಾಕಾಗಬೇಕು.

ಪುನರ್ಪುಳಿ ಶರಬತ್ತು ನಮ್ಮ ಮನೆಯಲ್ಲಿ ಈಗಲೂ ಆಗುತ್ತದೆ. ಐರೋಲಿಯ ಮೇ ತಿಂಗಳಿಗೆ ಅದರಂಥದ್ದು ಬೇರೊಂದಿಲ್ಲ. ಜಕ್ಕೂರಿನ ಪ್ರಬಂಧಕ್ಕೆ ಇಪ್ಪತ್ತು ವರ್ಷ ದಾಟಿತು. ಗಾರ್ಸಿನಾಲಿನಿಂದ ಅನುಮತಿ ಪಡೆದ ಕ್ಯಾನ್ಸರ್ ಮದ್ದು ಇನ್ನೂ ಬಂದಿಲ್ಲ.