ಮಂಜಿನಾಳದ ಶೋಧವೂ ನಮ್ಮ ದೃಷ್ಟಾಂತಗಳೂ

ಕಪ್ಪು ದ್ರವ್ಯವು ಪ್ರಸಂಗಗಳಲ್ಲಿ ದೃಷ್ಟಾಂತವಾಗಿ ಬಳಕೆಯಾಗುವುದನ್ನು ನಾವು ಹಲವು ಬಾರಿ ಕೇಳಿದ್ದೇವೆ. ವಾದಸರಣಿ ಹೀಗಿರುತ್ತದೆ: ವಿಶ್ವದ ದ್ರವ್ಯದಲ್ಲಿ ಆರರಲ್ಲಿ ಸುಮಾರು ಐದು ಪಾಲು ಯಾರ ಕಣ್ಣಿಗೂ ಕಾಣದು, ಆದರೂ ವಿಜ್ಞಾನಿಗಳು ಅದನ್ನು ನಂಬುತ್ತಾರೆ, ಹಾಗಾದರೆ ಕಾಣದ ದೇವರನ್ನು ನಂಬಲು ಅಡ್ಡಿಯೇನು? ಇದಕ್ಕೆ ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯವನ್ನು ಜೋಡಿಸಿದರೆ ಪ್ರಸಂಗ ಸಿದ್ಧ, ಸಭೆಯೂ ತಲೆದೂಗುತ್ತದೆ. ಈ ದೃಷ್ಟಾಂತವು ವಿಜ್ಞಾನಕ್ಕಾಗಲಿ ದೈವಶಾಸ್ತ್ರಕ್ಕಾಗಲಿ ನ್ಯಾಯ ಸಲ್ಲಿಸದೆಂಬುದು ನಮ್ಮ ಅಭಿಪ್ರಾಯ.

ವಿಜ್ಞಾನಿಗಳು ನಂಬಿ ಸುಮ್ಮನೆ ಕುಳಿತವರಲ್ಲ. ದಕ್ಷಿಣ ಧ್ರುವದಲ್ಲಿ ಅವರು ಬಿಸಿನೀರಿನಿಂದ ಹಿಮವನ್ನು ಕರಗಿಸುತ್ತಾ ಸುಮಾರು ಎರಡೂವರೆ ಕಿಲೋಮೀಟರ್ ಆಳದ 86 ರಂಧ್ರಗಳನ್ನು ಕೊರೆದು, ಬೆಳಕಿನ ಸಣ್ಣ ಮಿಂಚನ್ನೂ ಗುರುತಿಸಬಲ್ಲ 5160 ಗಾಜಿನ ಗೋಳಗಳನ್ನು ಇಳಿಸಿದರು. 2010ರ ಡಿಸೆಂಬರಿನಲ್ಲಿ ಪೂರ್ಣಗೊಂಡ ಈ ಸ್ಥಾವರಕ್ಕೆ ಐಸ್‌ಕ್ಯೂಬ್ ಎಂದು ಹೆಸರು. ನೀರು ಮರಳಿ ಹೆಪ್ಪುಗಟ್ಟಿದ ಬಳಿಕ ಆ ಗೋಳಗಳನ್ನು ಮೇಲೆತ್ತಿ ದುರಸ್ತಿ ಮಾಡುವಂತಿಲ್ಲ. ಕಪ್ಪು ದ್ರವ್ಯದ ಕಣಗಳು ಸೂರ್ಯನ ಗರ್ಭದಲ್ಲಿ ಸೆರೆಯಾಗಿ ಪರಸ್ಪರ ನಾಶಗೊಳ್ಳುವುದಾದರೆ, ಅಲ್ಲಿಂದ ಅಧಿಕ ಶಕ್ತಿಯ ನ್ಯೂಟ್ರಿನೊಗಳು ಹೊರಡಬೇಕು. ಅವುಗಳಿಗಾಗಿ ಕಾದರು, ಕಪ್ಪು ದ್ರವ್ಯದ ಗುರುತು ಸಿಗಲಿಲ್ಲ.

ಅದೇ ತಿಂಗಳು ಅದೇ ಹಿಮದಾಳಕ್ಕೆ ಡಿಎಂ-ಐಸ್ ಎಂಬ ಇನ್ನೊಂದು ಚಿಕ್ಕ ಉಪಕರಣವೂ ಇಳಿಯಿತು. ಅದರಲ್ಲಿದ್ದುದು 17 ಕಿಲೋಗ್ರಾಂ ಸೋಡಿಯಂ ಅಯೋಡೈಡ್ ಹರಳು. ಇಟಲಿಯ ಗ್ರಾನ್ ಸಾಸೊ ಪರ್ವತದಡಿಯ ಡಾಮಾ ತಂಡವು, ತನ್ನ ಹರಳುಗಳಲ್ಲಿ ವರ್ಷಕ್ಕೊಮ್ಮೆ ಏರಿಳಿಯುವ ಸಂಕೇತವೊಂದು ಕಾಣುತ್ತದೆ, ಅದು ಕಪ್ಪು ದ್ರವ್ಯದ್ದೇ ಎಂದು ಬಹುಕಾಲದಿಂದ ಸಾಧಿಸುತ್ತಿತ್ತು. ಆ ಏರಿಳಿತವು ಋತುಮಾನದ ಪರಿಣಾಮವಾಗಿದ್ದರೆ, ಋತುಗಳು ತಿರುವುಮುರುವಾಗಿರುವ ದಕ್ಷಿಣದಲ್ಲಿ ಅದೂ ತಿರುವುಮುರುವಾಗಬೇಕು. ನಿಜವಾಗಿ ಕಪ್ಪು ದ್ರವ್ಯದ್ದಾಗಿದ್ದರೆ ಎರಡೂ ಕಡೆ ಒಂದೇ ತಿಂಗಳಲ್ಲಿ ಏರಬೇಕು. ಎಷ್ಟು ಸರಳವಾದ, ಎಷ್ಟು ನಿಷ್ಠುರವಾದ ಪರೀಕ್ಷೆ! ಡಿಎಂ-ಐಸ್‌ಗೆ ಏರಿಳಿತವೇನೂ ಕಾಣಲಿಲ್ಲ. ಆದರೆ ಉಪಕರಣವು ಚಿಕ್ಕದಾದ್ದರಿಂದ ಡಾಮಾದ ವಾದವನ್ನು ತಳ್ಳಿಹಾಕಲೂ ಅದಕ್ಕೆ ಶಕ್ತಿ ಸಾಲಲಿಲ್ಲ. ಸಂಶೋಧಕರು ಇವೆರಡನ್ನೂ ಇದ್ದಂತೆಯೇ ಪ್ರಕಟಿಸಿದರು.

ದೈವಶಾಸ್ತ್ರದ ತೊಡಕು ಇನ್ನೂ ದೊಡ್ಡದು. ಕಪ್ಪು ದ್ರವ್ಯವು ಇದ್ದರೆ ಅದು ಸೃಷ್ಟಿಯೇ. ಧೂಳಿನಂತೆ, ಹಿಮದಂತೆ ಒಂದು ಸೃಷ್ಟಿ. 1933ರಲ್ಲಿ ಜ್ವಿಕ್ಕಿ, ಮುಂದೆ ವೆರಾ ರೂಬಿನ್ ನಕ್ಷತ್ರಲೋಕಗಳ ಚಲನೆಯಲ್ಲಿ ಕಂಡ ಕೊರತೆಯನ್ನು ತುಂಬಲು ಅದನ್ನು ಊಹಿಸಲಾಗಿದೆ. ಗುರುತ್ವದ ನಿಯಮವನ್ನೇ ತಿದ್ದಬೇಕೆನ್ನುವವರೂ ಇದ್ದಾರೆ. ನಾಳೆ ಅವರ ಮಾತು ಗೆದ್ದರೆ ನಮ್ಮ ಪ್ರಸಂಗದ ದೇವರ ಗತಿಯೇನು? ಅರಿವಿನ ಬಿರುಕುಗಳಿಗೆ ತೇಪೆಯಾಗಿ ದೇವರನ್ನು ಬಳಸುವುದನ್ನು ಬೊನ್‌ಹೋಫರರು 1944ರಲ್ಲಿ ಸೆರೆಮನೆಯಿಂದ ಬರೆದ ಪತ್ರದಲ್ಲೇ ಖಂಡಿಸಿದ್ದರು. ಯೆಶಾಯನ 45ನೆಯ ಅಧ್ಯಾಯವು ಮರೆಯಾದ ದೇವರ ಕುರಿತು ಮಾತಾಡುತ್ತದೆ, ನಿಜ. ಆದರೆ ಆತನು ಮರೆಯಾಗಿರುವುದು ನಮ್ಮ ಉಪಕರಣಗಳು ಸಾಲದಿರುವುದರಿಂದಲ್ಲ, ತನ್ನ ಸ್ವಾತಂತ್ರ್ಯದಿಂದ. ತಾನಾಗಿ ಮಾತಾಡಿದಾಗಲೇ ನಾವು ಆತನನ್ನು ಅರಿಯುತ್ತೇವೆ. (‘ಕಪ್ಪು’ ಎಂಬ ಪದವನ್ನು ಹಿಡಿದು ಈ ದ್ರವ್ಯವನ್ನು ಪಾಪಕ್ಕೆ ಹೋಲಿಸುವವರೂ ಉಂಟು. ಅದು ಕಪ್ಪಲ್ಲ, ಬೆಳಕು ಅದರ ಮೂಲಕ ಹಾದುಹೋಗುತ್ತದೆ.)

ಹಾಗಾದರೆ ಪ್ರಸಂಗಿಗೆ ಈ ಶೋಧದಲ್ಲಿ ಏನೂ ಇಲ್ಲವೇ? ಇದೆ, ಅದು ದ್ರವ್ಯದಲ್ಲಲ್ಲ, ಶೋಧಕರ ನಡತೆಯಲ್ಲಿದೆ. ‘ಹುಡುಕಿದೆವು, ಕಾಣಲಿಲ್ಲ’ ಎಂಬ ವಾಕ್ಯವನ್ನು ಅವರು ನಾಚಿಕೆಯಿಲ್ಲದೆ ಬರೆಯುತ್ತಾರೆ. ನಮ್ಮ ಸಾಕ್ಷಿಕೂಟಗಳಲ್ಲಿ ಗುಣವಾದವರು ಎದ್ದು ನಿಲ್ಲುತ್ತಾರೆ. ಪ್ರಾರ್ಥಿಸಿಯೂ ಮಗುವನ್ನು ಕಳೆದುಕೊಂಡ ತಾಯಿ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾಳೆ, ಆಕೆಯ ಸಾಕ್ಷಿಗೆ ಕರೆಯಿಲ್ಲ. ಇದನ್ನು ನಾವು ವಿಶ್ವಾಸವೆನ್ನುತ್ತೇವೆ. ಇಸ್ರಾಯೇಲರಾದರೋ ಉತ್ತರ ಸಿಗದ ಮೊರೆಯನ್ನೂ ತಮ್ಮ ಆರಾಧನೆಯ ಗ್ರಂಥದಲ್ಲಿ ಉಳಿಸಿಕೊಂಡರು: 88ನೆಯ ಕೀರ್ತನೆಯು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಸಮಾಧಾನವಿಲ್ಲದೆ. ಆ ಕೀರ್ತನೆಯ ಮೇಲೆ ಒಂದು ಪ್ರಸಂಗವನ್ನು ನಾವು ಈವರೆಗೆ ಕೇಳಿಲ್ಲ, ಮಾಡಿಯೂ ಇಲ್ಲ.