ಕೊಳಗದ ಕಂಠದಲ್ಲಿ ಒಂದು ವಿಳಾಸ

ಅಟ್ಟದಿಂದ ಇಳಿಸಿದ ಹಿತ್ತಾಳೆ ಕೊಳಗವನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಾಗ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಅಕ್ಷರಗಳು ಎದ್ದವು. ಮುತ್ತಜ್ಜಿಯ ಹೆಸರು, ಅದರ ಪಕ್ಕದಲ್ಲಿ ‘ಗಾಣಿಗರಪೇಟೆ’. ನಮ್ಮ ಕಡೆ ಗಾಣ ಕಂಡವರೇ ಇಲ್ಲ! ವಂಶಾವಳಿಯ ಹುಚ್ಚು ನನಗೆ ಹತ್ತಿದ್ದು ಅಂದೇ.

ಬೆಂಗಳೂರಿನ ಪೇಟೆಯಲ್ಲಿ ಬೀದಿಯ ಹೆಸರೇ ಕಸುಬು ಹೇಳುತ್ತದೆ. ಅರಳೇಪೇಟೆ, ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ತಿಗಳರಪೇಟೆ. ಹಾಗೆಂದು ನಂಬಿ ಕೂತರೆ ಕೆಟ್ಟಿರಿ. ಹೆಸರು ಬೀದಿಯದು, ಬಾಡಿಗೆಗಿದ್ದ ಸಂಸಾರದ್ದಲ್ಲ. ಕಸುಬು ಮನುಷ್ಯನಿಗೇ ಅಂಟಿಕೊಂಡಿದ್ದರೆ ಮಾತ್ರ ಸ್ವಲ್ಪ ಗಟ್ಟಿ; ವೀಳ್ಯದೆಲೆ ವ್ಯಾಪಾರದ ‘ಎಲೆ’ ಮಲ್ಲಪ್ಪ ಶೆಟ್ಟರ ಹೆಸರು ಕೆ.ಆರ್. ಪುರದ ಕಡೆಯ ಕೆರೆಗೂ ಉಳಿದಿರುವಂತೆ.

ಪೇಟೆಯ ಮನೆತನಗಳ ಎಳೆ ಹೆಚ್ಚಾಗಿ ಕಡಿಯುವುದು 1898ರಲ್ಲಿ. ಆ ವರ್ಷ ಪ್ಲೇಗು ಬಂತು. ಇಲಿ ಬಿದ್ದ ಮನೆ ಬಿಟ್ಟು ಜನ ಹೊರಗೆ ಗುಡಿಸಲು ಹಾಕಿಕೊಂಡರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದದ್ದೂ ಆ ಕಾಲದಲ್ಲೇ. ‘ನಾವು ಮೊದಲಿಂದ ಮಲ್ಲೇಶ್ವರದವರು’ ಅನ್ನುವ ಮನೆಯಲ್ಲಿ ಕೆಲವು ತಲೆಮಾರು ಹಿಂದಕ್ಕೆ ಕೆದಕಿ ನೋಡಿ, ಪೇಟೆ ಸಿಕ್ಕರೂ ಸಿಕ್ಕೀತು.

ಹಳ್ಳಿಯ ಕಡೆಯವರಿಗಾದರೆ ಹೆಳವರಿದ್ದಾರೆ. ಎತ್ತಿನ ಮೇಲೆ ಬಂದು ಹೊತ್ತಿಗೆ ಬಿಚ್ಚಿ, ತಲೆತಲಾಂತರದ ಹೆಸರು ಹಾಡಿ, ಕಾಳುಕಡ್ಡಿ ಪಡೆದು ಹೋಗುತ್ತಾರೆ. ನಮಗೆ ಆ ಭಾಗ್ಯವಿಲ್ಲ. ನನ್ನ ಮಟ್ಟಿಗೆ ಪೇಟೆಯ ಹೆಳವ ಎಂದರೆ ಕ್ರಯಪತ್ರದ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇಂಥವರ ಹಿತ್ತಿಲು ಎಂದು ಬರೆದಿರುತ್ತದಲ್ಲ, ಅದು. ನಮ್ಮ ಮನೆಯ ಪತ್ರ ಗೆದ್ದಲು ತಿಂದಿತ್ತು. ನಾಲ್ಕು ಬಾರಿ ಓಡಾಡಿದ ಮೇಲೆ ನೆರೆಮನೆಯ ಹಿರಿಯರು ತಮ್ಮ ಟ್ರಂಕು ತೆಗೆದರು. ಅವರ ಪತ್ರದ ದಕ್ಷಿಣ ದಿಕ್ಕಿನಲ್ಲಿ ಮುತ್ತಜ್ಜ ನಿಂತಿದ್ದ, ತಂದೆಯ ಹೆಸರಿನ ಸಮೇತ. ಕಸುಬು ಜವಳಿ. ಗಾಣ ಅಲ್ಲವೇ ಅಲ್ಲ.

ಹಳೇ ಪಾತ್ರೆ ತೂಕಕ್ಕೆ ಹಾಕುವ ಯೋಚನೆ ನಿಮಗಿದ್ದರೆ, ದಯವಿಟ್ಟು ಮೊದಲು ಕಂಠವನ್ನೊಮ್ಮೆ ತಿಕ್ಕಿ ಓದಿ.